ಗಿಡಗಳ ಎತ್ತರವೋ, ಎತ್ತರಗಳೋ?

ಓದುಗರ ಪ್ರಶ್ನೆ, ಭಾಷಾ ವಿಭಾಗದ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ತೊಡಕನ್ನು ಕೇಳಿವೆ: ವಸ್ತುಗಳು ಹಲವಿದ್ದಾಗ ಅವುಗಳ ಅಳತೆ, ಬಣ್ಣ, ಬೆಲೆ, ಹೆಸರು ಹೇಳುವಲ್ಲಿ ‘-ಗಳು’ ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು? ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗಿಟ್ಟು ಇವನ್ನಷ್ಟೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಹತ್ತು ತೊಗರಿ ಗಿಡ ಅಳೆದು, ದಾಖಲೆ ಪುಸ್ತಕದಲ್ಲಿ ‘ಗಿಡಗಳ ಎತ್ತರಗಳು’ ಎಂದು ಬರೆದಿದ್ದರು. ನಾನು ‘ಗಿಡಗಳ ಎತ್ತರ’ ಎಂದು ತಿದ್ದಿದೆ. ಜೊತೆಯ ಶಿಕ್ಷಕರು, ‘ಗಿಡ ಹತ್ತು ಅಂದಮ್ಯಾಗ ಎತ್ತರಾನೂ ಹತ್ತು ಅಲ್ಲೇನ್ರಿ?’ ಎಂದರು. ಯಾವುದು ಸರಿ?
(ವಿಜ್ಞಾನ ಶಿಕ್ಷಕಿ, ಸೇಡಂ)

ಉತ್ತರ: ನೀವು ತಿದ್ದಿದ್ದೇ ಸರಿ ಮೇಡಂ. ಗಿಡವನ್ನು ಎಣಿಸುತ್ತೇವೆ, ಎತ್ತರವನ್ನು ಅಳೆಯುತ್ತೇವೆ. ಅಳೆಯುವ ಗುಣಕ್ಕೆ ಕನ್ನಡ ಸಾಮಾನ್ಯವಾಗಿ ‘-ಗಳು’ ಹಚ್ಚುವುದಿಲ್ಲ. ಗುಣ ಯಾರದೋ ಆ ಪದಕ್ಕೆ ಬಹುವಚನ ಕೊಟ್ಟರೆ ಕೆಲಸ ಮುಗಿಯಿತು: ಗಿಡಗಳ ಎತ್ತರ, ಬಾವಿಗಳ ಆಳ, ಚೀಲಗಳ ತೂಕ, ಮಕ್ಕಳ ವಯಸ್ಸು, ರಸ್ತೆಗಳ ಅಗಲ.

ಒಂದು ಪದ ಎಣಿಕೆಯದೋ ಅಳತೆಯದೋ ಎಂದು ಅನುಮಾನ ಬಂದರೆ ಅದರ ಹಿಂದೆ ‘ನಾಲ್ಕು’ ಎಂದು ಇಟ್ಟು ನೋಡಿ. ‘ನಾಲ್ಕು ಎಲೆ’, ‘ನಾಲ್ಕು ಬಣ್ಣ’, ‘ನಾಲ್ಕು ಹೆಸರು’ ಎನ್ನಬಹುದು. ‘ನಾಲ್ಕು ಎತ್ತರ’, ‘ನಾಲ್ಕು ತೂಕ’, ‘ನಾಲ್ಕು ವಯಸ್ಸು’ ಎಂದರೆ ಕಿವಿಯೇ ಬೇಡ ಅನ್ನುತ್ತದೆ. ಕಿವಿ ಒಪ್ಪದ ಕಡೆ ‘-ಗಳು’ ಬೇಡ.

ಇದಕ್ಕೆ ಒಂದು ಹೊರತು ಗಣಿತದಲ್ಲಿದೆ. ತ್ರಿಭುಜದ ಮೂರು ಶೃಂಗಗಳಿಂದ ಎದುರಿನ ಬಾಹುಗಳಿಗೆ ಎಳೆದ ಲಂಬಗಳನ್ನು ‘ತ್ರಿಭುಜದ ಎತ್ತರಗಳು’ ಎನ್ನುವುದು ಸರಿಯೇ. ಅಲ್ಲಿ ಎತ್ತರವೆಂದರೆ ಗುಣವಲ್ಲ, ಎಳೆದು ತೋರಿಸಬಹುದಾದ ಗೆರೆ. ಮೂರು ಗೆರೆ ಇರುವುದರಿಂದ ಎಣಿಸಬಹುದು. ಹಾಗೆಯೇ ಅಳೆದು ಬಂದ ಅಂಕಿಗಳನ್ನೇ ಕೂಡಿಸಿ ಭಾಗಿಸುವಾಗ ‘ಈ ಹತ್ತು ಅಳತೆಗಳ ಸರಾಸರಿ’ ಎನ್ನಿ. ‘ಹತ್ತು ಎತ್ತರಗಳ ಸರಾಸರಿ’ಗಿಂತ ಅದು ತಿಳಿ.

ಇನ್ನು ಕ್ರಿಯಾಪದ. ‘ಗಿಡಗಳ ಎತ್ತರ ಹೆಚ್ಚಿವೆ’ ಎಂದು ಬರೆಯುವವರು ಬಹಳ. ‘ಗಿಡಗಳ’ ಎಂಬುದು ಪಕ್ಕದಲ್ಲೇ ಇರುವುದರಿಂದ ಬರೆಯುವ ಕೈ ಬಹುವಚನಕ್ಕೆ ಜಾರುತ್ತದೆ. ಆದರೆ ಇಲ್ಲಿ ಹೆಚ್ಚಿದ್ದು ಎತ್ತರ, ಗಿಡ ಅಲ್ಲ. ಷಷ್ಠಿ ವಿಭಕ್ತಿಯ ಪದವನ್ನು (ಇಲ್ಲಿ ‘ಗಿಡಗಳ’) ಬೆರಳಿನಿಂದ ಮುಚ್ಚಿ ಓದಲು ಮಕ್ಕಳಿಗೆ ಹೇಳಿ. ‘... ಎತ್ತರ ಹೆಚ್ಚಿವೆ’ ಎಂದು ಉಳಿದಾಗ ತಪ್ಪು ತಾನಾಗಿ ಕಾಣುತ್ತದೆ. ‘ಗಿಡಗಳ ಎತ್ತರ ಹೆಚ್ಚಿದೆ’ ಅಥವಾ ‘ಗಿಡಗಳು ಎತ್ತರವಾಗಿವೆ’, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ‘ಗಿಡಗಳ ಎಲೆ ಉದುರಿವೆ’ ಮಾತ್ರ ತಪ್ಪಲ್ಲ. ಎಲೆ ಎಣಿಕೆಯ ವಸ್ತು. ‘-ಗಳು’ ಇಲ್ಲದೆಯೂ ಅದು ಬಹುವಚನದ ಕ್ರಿಯಾಪದವನ್ನು ಹೊರಬಲ್ಲದು. ಎತ್ತರಕ್ಕೆ ಆ ಶಕ್ತಿ ಇಲ್ಲ.

ದಾಖಲೆ ಪುಸ್ತಕದ ಮಟ್ಟಿಗೆ: ಕೋಷ್ಟಕದ ತಲೆಬರಹದಲ್ಲಿ ‘ತೊಗರಿ ಗಿಡಗಳ ಎತ್ತರ’, ಒಳಗಿನ ಕಂಬಸಾಲಿನ ಮೇಲೆ ‘ಗಿಡದ ಎತ್ತರ, ಸೆಂ.ಮೀ.’ ಎಂದಿರಲಿ. ತಲೆಬರಹ ಹತ್ತೂ ಗಿಡಗಳ ಮಾತು, ಕಂಬಸಾಲಿನ ಒಂದೊಂದು ಮನೆ ಒಂದೊಂದು ಗಿಡದ ಮಾತು. ಕೆಳಗೆ ವಾಕ್ಯದಲ್ಲಿ ಬರೆಯುವಾಗ ‘ಗಿಡಗಳ ಎತ್ತರ 120 ಸೆಂ.ಮೀ.’ ಎಂದರೆ ಹತ್ತೂ ಗಿಡ ಅಷ್ಟೇ ಇವೆ ಎಂದಾಗುತ್ತದೆ. ಅಳತೆ ಬೇರೆ ಬೇರೆ ಇದ್ದರೆ ‘ಎತ್ತರಗಳು’ ಎಂದು ಬರೆದ ಮಾತ್ರಕ್ಕೆ ಅದು ತಿಳಿಯುವುದಿಲ್ಲ. ‘ಗಿಡಗಳ ಎತ್ತರ 95ರಿಂದ 140 ಸೆಂ.ಮೀ.’, ‘ಸರಾಸರಿ ಎತ್ತರ 120 ಸೆಂ.ಮೀ.’, ‘ಒಂದೊಂದು ಗಿಡದ ಎತ್ತರ ಒಂದೊಂದು ಥರ ಇದೆ’ ಎಂದು ಬಿಡಿಸಿಯೇ ಹೇಳಬೇಕು. ನಿಮ್ಮ ಜೊತೆಯ ಶಿಕ್ಷಕರು ಹೇಳಬೇಕೆಂದಿದ್ದು ಬಹುಶಃ ಇದನ್ನೇ. ಆ ಕೆಲಸ ‘-ಗಳು’ವಿನದಲ್ಲ, ಅಷ್ಟೆ.

ಪ್ರಶ್ನೆ: ಹಾಗಾದರೆ ಬಣ್ಣ, ರುಚಿ, ಹೆಸರು, ಬೆಲೆ? ಪತ್ರಿಕೆಗಳಲ್ಲಿ ‘ಬೆಲೆಗಳು ಏರಿವೆ’ ಎಂದೂ ಇರುತ್ತದೆ, ‘ಬೆಲೆ ಏರಿದೆ’ ಎಂದೂ ಇರುತ್ತದೆ.
(ಪದವಿ ವಿದ್ಯಾರ್ಥಿ, ಚಿತ್ತಾಪುರ)

ಉತ್ತರ: ಎರಡೂ ನಡೆಯುತ್ತವೆ. ‘ತೊಗರಿ, ಹೆಸರು, ಉದ್ದಿನ ಬೆಲೆ ಏರಿದೆ’ ಎಂದರೆ ಒಟ್ಟು ಏರಿಕೆಯ ಮಾತು; ‘ಬೆಲೆಗಳು ಏರಿವೆ’ ಎಂದರೆ ಮೂರನ್ನೂ ಬೇರೆ ಬೇರೆ ನೋಡಿದ ಹಾಗೆ. ‘ಬೆಲೆ ಏರಿವೆ’ ಎಂಬ ಬೆರಕೆ ಬೇಡ. ಬಣ್ಣದಲ್ಲಿ ವ್ಯತ್ಯಾಸ ಇನ್ನೂ ನಿಚ್ಚಳ. ‘ಸೀರೆಗಳ ಬಣ್ಣ ಚೆನ್ನಾಗಿದೆ’ ಎಂದಾಗ ಸೀರೆಗಳೆಲ್ಲ ಒಂದೇ ಬಣ್ಣದವಿರಬಹುದು, ಇಲ್ಲದೆಯೂ ಇರಬಹುದು. ‘ಸೀರೆಗಳ ಬಣ್ಣಗಳು ಚೆನ್ನಾಗಿವೆ’ ಎಂದಾಗ ಬಗೆಬಗೆಯ ಬಣ್ಣ ಇವೆ ಎಂದು ಓದುಗ ಅಂದುಕೊಳ್ಳುತ್ತಾನೆ. ಹೆಸರಿನದೂ ಹೀಗೆಯೇ: ‘ವಿಜೇತರ ಹೆಸರು ಪ್ರಕಟವಾಗಿದೆ’, ‘ಹೆಸರುಗಳು ಪ್ರಕಟವಾಗಿವೆ’, ಎರಡೂ ಸರಿ.

ಪ್ರಶ್ನೆ: ಮಾತಾಡುವಾಗ ನಾವು ‘ಮಳಿಗಿ ಹತ್ತು ಮನಿ ಬಿದ್ದಾವ’ ಅಂತೀವಿ. ಬರೆಯುವಾಗ ಗುರುಗಳು ‘ಹತ್ತು ಮನೆಗಳು ಬಿದ್ದಿವೆ’ ಎಂದು ಬರೆಸುತ್ತಾರೆ. ನಮ್ಮ ಮಾತು ಅಷ್ಟು ತಪ್ಪೇನ್ರಿ?
(ಓದುಗ, ಸುರಪುರ)

ಉತ್ತರ: ತಪ್ಪೇನಿಲ್ರಿ. ‘ಹತ್ತು ಮನೆ ಬಿದ್ದಿವೆ’ ಎಂದು ಬರೆದರೂ ಒಳ್ಳೆಯ ಕನ್ನಡವೇ. ಸಂಖ್ಯೆ ಬಂದ ಮೇಲೆ ಹಲವು ಎಂದು ತಿಳಿದೇ ಇರುತ್ತದೆ, ಹಾಗಾಗಿ ಪ್ರಾಣಿ-ವಸ್ತುಗಳ ಹೆಸರಿಗೆ ‘-ಗಳು’ ಕಡ್ಡಾಯವಲ್ಲ. ಹಳಗನ್ನಡದಲ್ಲೂ ನಪುಂಸಕಲಿಂಗದ ಪದಗಳಿಗೆ ಬಹುವಚನ ಪ್ರತ್ಯಯ ಕಡ್ಡಾಯವಿರಲಿಲ್ಲ. ಎರಡು ಎತ್ತು, ಐದು ರೊಟ್ಟಿ, ಮೂರು ಎಕರೆ, ನೂರು ಚೀಲ ಎನ್ನುವುದೇ ಸಹಜ. ‘ಮೂರು ಎಕರೆಗಳು ಹೊಲ’ ಎಂದು ಯಾರೂ ಅನ್ನುವುದಿಲ್ಲ; ಅಳತೆಯ ಮಾನಗಳಿಗೆ ಸಂಖ್ಯೆಯ ಮುಂದೆ ‘-ಗಳು’ ಹತ್ತುವುದೇ ಇಲ್ಲ ಎನ್ನಬಹುದು. ಕಾಲದ ಮಾನಗಳು ಮಾತ್ರ ಎರಡೂ ಕಡೆ ಇವೆ: ‘ಎರಡು ವರ್ಷದ ಹಿಂದೆ’, ‘ಎರಡು ವರ್ಷಗಳ ಹಿಂದೆ’.

ನಿಮ್ಮ ವಾಕ್ಯದಲ್ಲಿ ನೋಡಬೇಕಾದ್ದು ಕ್ರಿಯಾಪದ, ಅದನ್ನು ನೀವು ಸರಿಯಾಗಿಯೇ ಬಹುವಚನದಲ್ಲಿ ಇಟ್ಟಿದ್ದೀರಿ. ನಮ್ಮ ಕಡೆಯ ಮಾತಿನಲ್ಲಿ ‘ಅದ’, ‘ಅವ’ ಎಂಬ ಭೇದ ಇನ್ನೂ ಗಟ್ಟಿಯಾಗಿದೆ: ‘ಒಂದು ಮನಿ ಅದ’, ‘ಹತ್ತು ಮನಿ ಅವ’. ಬರವಣಿಗೆಯಲ್ಲಿ ಇದೇ ‘ಇದೆ’, ‘ಇವೆ’ ಆಗುತ್ತದೆ. ‘ಹತ್ತು ಮನೆ ಬಿದ್ದಿದೆ’ ಎಂದು ಬರೆಯುವುದೇ ತೊಡಕು.

ಮನುಷ್ಯರ ಮಾತು ಬಂದಾಗ ಈ ಸಲಿಗೆ ಇಲ್ಲ. ‘ಐದು ಶಿಕ್ಷಕ ಬಂದರು’ ಆಗದು. ‘ಐವರು ಶಿಕ್ಷಕರು’, ‘ಐದು ಮಂದಿ ಶಿಕ್ಷಕರು’ ಎನ್ನಬೇಕು. ತೂಕದ ವಾಕ್ಯದಲ್ಲಿ ಕ್ರಿಯಾಪದ ಯಾವುದಕ್ಕೆ ಅಂಟುತ್ತದೆ ಎಂಬುದನ್ನೂ ಗಮನಿಸಿ: ‘ನೂರು ಚೀಲ ತೊಗರಿ ಮಾರಾಟವಾಯಿತು’ ಎಂದರೆ ಮಾರಿದ್ದು ತೊಗರಿ, ‘ನೂರು ಚೀಲ ಹರಿದಿವೆ’ ಎಂದರೆ ಹರಿದದ್ದು ಚೀಲ.

ಪ್ರಶ್ನೆ: ಸಿಡಿಲು ಬಡಿದು ಮೂವರು ಸತ್ತ ಸುದ್ದಿಗೆ ‘ಮೃತರ ಕುಟುಂಬಗಳಿಗೆ 5 ಲಕ್ಷ ರೂಪಾಯಿ ಪರಿಹಾರ’ ಎಂದು ಬರೆದು ಕಳಿಸಿದೆ. ಪ್ರಕಟವಾದ ಮೇಲೆ ಒಟ್ಟು 5 ಲಕ್ಷವೋ, ಕುಟುಂಬಕ್ಕೆ 5 ಲಕ್ಷವೋ ಎಂದು ಕೇಳುವವರೇ ಕೇಳುವವರು. ‘ಪರಿಹಾರಗಳು’ ಎಂದಿದ್ದರೆ ಸರಿಹೋಗುತ್ತಿತ್ತೆ?
(ವರದಿಗಾರ, ಯಾದಗಿರಿ)

ಉತ್ತರ: ಇಲ್ಲ. ‘ಪರಿಹಾರಗಳು’ ಎಂದಿದ್ದರೆ ಹಣದ ಜೊತೆ ಮನೆ, ನೌಕರಿ ಏನೇನೋ ಕೊಟ್ಟರು ಎಂಬ ಅರ್ಥ ಬರುತ್ತಿತ್ತು. ಬೇಕಾಗಿದ್ದದ್ದು ಒಂದೇ ಪದ, ‘ತಲಾ’: ‘ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ’. ಒಟ್ಟು ಮೊತ್ತವಾಗಿದ್ದರೆ ‘ಮೂರೂ ಕುಟುಂಬಗಳಿಗೆ ಸೇರಿ ಒಟ್ಟು 5 ಲಕ್ಷ’. ಈ ಎರಡರಲ್ಲಿ ಒಂದಿಲ್ಲದೆ ಪರಿಹಾರದ ಸುದ್ದಿ ಕಳಿಸಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಹಣದ ವಿಷಯದಲ್ಲಿ ಓದುಗ ಊಹೆ ಮಾಡುವಂತಿರಬಾರದು.

‘ತಲಾ’ ಸಂಖ್ಯೆಗೆ ಒತ್ತಿಕೊಂಡೇ ನಿಲ್ಲಬೇಕು. ‘ತಲಾ ಮೃತರ ಕುಟುಂಬಗಳಿಗೆ 5 ಲಕ್ಷ’ ಎಂದರೆ ವಾಕ್ಯ ಕುಂಟುತ್ತದೆ. ‘ಪ್ರತಿಯೊಬ್ಬರಿಗೂ ತಲಾ’, ‘ತಲಾ ಎರಡೆರಡು’ ಎಂಬಂಥವು ಒಂದೇ ಮಾತನ್ನು ಎರಡು ಸಲ ಹೇಳುತ್ತವೆ, ಒಂದನ್ನು ತೆಗೆಯಿರಿ.

ಕನ್ನಡದಲ್ಲಿ ಇಷ್ಟಿಷ್ಟು ಎಂದು ಹಂಚಿ ಹೇಳುವ ದಾರಿಗಳು ಬೇಕಾದಷ್ಟಿವೆ, ಯಾವುದಕ್ಕೂ ‘-ಗಳು’ ಬೇಕಿಲ್ಲ. ಸಣ್ಣ ಸಂಖ್ಯೆಗೆ ದ್ವಿರುಕ್ತಿ ಸಾಕು: ಒಂದೊಂದು, ಎರಡೆರಡು, ಐದೈದು, ಹತ್ತು ಹತ್ತು. ‘ಮಕ್ಕಳಿಗೆ ನಾಲ್ಕು ಬಾಳೆಹಣ್ಣು ಕೊಡಿ’ ಎಂದರೆ ಎಲ್ಲ ಮಕ್ಕಳೂ ಸೇರಿ ನಾಲ್ಕನ್ನೇ ಹಂಚಿಕೊಳ್ಳಬೇಕಾದೀತು. ‘ನಾಲ್ಕು ನಾಲ್ಕು’ ಎಂದರೆ ಆ ಗೊಂದಲ ಇಲ್ಲ. ‘ಇಪ್ಪತ್ತೈದು ಇಪ್ಪತ್ತೈದು ಸಾವಿರ’ ಎಂದು ಉದ್ದ ಮಾಡುವ ಬದಲು ದೊಡ್ಡ ಸಂಖ್ಯೆಗೆ ‘ತಲಾ’ ಹಚ್ಚಿ. ಇನ್ನೊಂದು, ಚತುರ್ಥಿ ವಿಭಕ್ತಿಗೆ ‘ಒಂದು’ ಸೇರಿಸುವುದು: ಮನೆಗೊಂದು, ಊರಿಗೊಂದು, ಚೀಲಕ್ಕೊಂದು. ಲೆಕ್ಕದ ವಾಕ್ಯಗಳಲ್ಲಿ ‘ಎಕರೆಗೆ ಐದು ಕ್ವಿಂಟಲ್’, ‘ಕುಟುಂಬಕ್ಕೆ 5 ಲಕ್ಷ’ ಎಂಬುದು ಎಲ್ಲಕ್ಕಿಂತ ಗಿಡ್ಡ.

‘ತಮ್ಮ’ ಎಂಬುದನ್ನೂ ಇಲ್ಲೇ ಹೇಳಿಬಿಡೋಣ. ‘ರೈತರು ತಮ್ಮ ಟ್ರ್ಯಾಕ್ಟರ್ ತಂದರು’ ಎಂದರೆ ಎಲ್ಲರಿಗೂ ಸೇರಿದ ಒಂದು ಟ್ರ್ಯಾಕ್ಟರೋ, ಒಬ್ಬೊಬ್ಬರದು ಒಂದೊಂದೋ ತಿಳಿಯದು. ‘ಟ್ರ್ಯಾಕ್ಟರ್‌ಗಳನ್ನು ತಂದರು’ ಎಂದರೆ ಒಂದಕ್ಕಿಂತ ಹೆಚ್ಚು ಬಂದವು ಎಂದಷ್ಟೇ ತಿಳಿಯುತ್ತದೆ. ಸಂಘದ ಎರಡು ಟ್ರ್ಯಾಕ್ಟರ್ ತಂದಿದ್ದರೂ ಆ ವಾಕ್ಯ ನಿಜವೇ. ‘ತಂತಮ್ಮ ಟ್ರ್ಯಾಕ್ಟರ್ ತಂದರು’ ಎಂದಾಗ ಅರ್ಥ ಬಿಗಿಯಾಯಿತು.

ಪ್ರಶ್ನೆ: ಬಿದರಿ ಸಾಮಾನಿನ ಅಂಗಡಿಗೆ ಬೆಲೆಪಟ್ಟಿ ಅಚ್ಚು ಹಾಕಿಸುತ್ತಿದ್ದೇವೆ. ‘ಕಪ್ಪು ಮತ್ತು ಬೆಳ್ಳಿ ಬಣ್ಣಗಳ ಹೂದಾನಿಗಳು’ ಎಂದು ಬರೆಸಿದ್ದೆ. ಗಿರಾಕಿಗಳು, ‘ಬೆಳ್ಳಿ ಬಣ್ಣದ್ದು ತೋರಿಸ್ರಿ’ ಅಂತಾರೆ. ಏನು ಮಾಡುವುದು?
(ಅಂಗಡಿಯವರು, ಬೀದರ್)

ಉತ್ತರ: ಗಿರಾಕಿಗಳ ತಪ್ಪಿಲ್ಲ. ‘ಕಪ್ಪು ಮತ್ತು ಬೆಳ್ಳಿ ಬಣ್ಣಗಳ ಹೂದಾನಿಗಳು’ ಎಂದಾಗ ಕಪ್ಪು ಹೂದಾನಿ ಕೆಲವು, ಬೆಳ್ಳಿ ಬಣ್ಣದವು ಕೆಲವು ಎಂದು ತಿಳಿಯುವುದೇ ಸಹಜ. ವಸ್ತು ಹಲವು, ಬಣ್ಣವೂ ಹಲವು ಆದಾಗ ‘ಮತ್ತು’ ಯಾವಾಗಲೂ ಹೀಗೆ ಎರಡು ಅರ್ಥ ಕೊಡುತ್ತದೆ. ‘ಕೆಂಪು ಮತ್ತು ಬಿಳಿ ಬಾವುಟಗಳು’ ಎಂದರೂ ಇದೇ ಪಾಡು.

ಬಿದರಿಯಲ್ಲಿ ಆಗುವುದೇನು ಎಂಬುದನ್ನೇ ವಾಕ್ಯಕ್ಕೆ ತನ್ನಿ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಎರಕದ ಮೈ. ಅದರಲ್ಲಿ ಕೊರೆದ ಗೆರೆಗಳಿಗೆ ಕೂಡಿಸಿದ ಬೆಳ್ಳಿ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ದ್ರಾವಣದಲ್ಲಿ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅಂದರೆ ಎರಡು ಬಣ್ಣವೂ ಒಂದೇ ವಸ್ತುವಿನ ಮೇಲಿವೆ. ಆದ್ದರಿಂದ ‘ಕಪ್ಪು ಮೈಯ ಮೇಲೆ ಬೆಳ್ಳಿ ಕುಸುರಿಯ ಹೂದಾನಿ’ ಎಂದು ಏಕವಚನದಲ್ಲೇ ಬರೆಸಿ. ಬೆಲೆಪಟ್ಟಿಯ ಒಂದು ಸಾಲು ಒಂದು ನಮೂನೆಗೆ. ಅಲ್ಲಿ ‘-ಗಳು’ ಬೇಕಿಲ್ಲ. ಬಹುವಚನ ಬೇಕೆಂದರೆ ಪುಟದ ತಲೆಗೆ ‘ಹೂದಾನಿಗಳು’ ಎಂದು ಒಮ್ಮೆ ಹಾಕಿದರೆ ಸಾಕು.

ಗುಂಪಾಗಿ ಮಾರುವ ವಸ್ತುಗಳಿಗೆ ಇನ್ನೊಂದು ಎಚ್ಚರ. ‘ಆರು ಗುಂಡಿಗಳ ಬೆಲೆ 900 ರೂ.’ ಎಂಬುದು ಒಟ್ಟಿನದೋ ಒಂದರದೋ ಎಂದು ವಾದ ಹುಟ್ಟಿಸುತ್ತದೆ. ‘ಆರು ಗುಂಡಿಯ ಸೆಟ್‌ಗೆ 900 ರೂ.’, ‘ಗುಂಡಿ ಒಂದಕ್ಕೆ 150 ರೂ.’ ಎಂದು ಎರಡನ್ನೂ ಅಚ್ಚು ಹಾಕಿಸುವುದು ಕ್ಷೇಮ.

ಮತ್ತೆ, ನಿಮ್ಮ ಕರಡಿನಲ್ಲಿ ‘ಈ ಪಾತ್ರೆಗಳು ಗಟ್ಟಿಯಾದದ್ದು, ಕೈಯಿಂದ ಮಾಡಿದ್ದು’ ಎಂದಿದೆ. ಪಾತ್ರೆಗಳು ಎಂದಮೇಲೆ ‘ಗಟ್ಟಿಯಾದವು, ಕೈಯಿಂದ ಮಾಡಿದವು’ ಆಗಬೇಕು. ವಿಶೇಷಣ ಹೆಸರಿನ ಹಿಂದೆ ಬಂದಾಗ ಬದಲಾಗುವುದಿಲ್ಲ (‘ದೊಡ್ಡ ಪಾತ್ರೆ’, ‘ದೊಡ್ಡ ಪಾತ್ರೆಗಳು’), ವಾಕ್ಯದ ಕೊನೆಗೆ ಬಂದಾಗ ಬದಲಾಗುತ್ತದೆ: ದೊಡ್ಡದು, ದೊಡ್ಡವು, ಮನುಷ್ಯರಾದರೆ ದೊಡ್ಡವರು. ಬಣ್ಣದ ಪದಗಳು ಕೊನೆಯಲ್ಲಿದ್ದರೂ ಜಗ್ಗುವುದಿಲ್ಲ: ‘ಪಾತ್ರೆ ಕಪ್ಪು’, ‘ಪಾತ್ರೆಗಳು ಕಪ್ಪು’. ಕ್ರಿಯಾಪದ ಬಂದರೆ ಮಾತ್ರ ‘ಕಪ್ಪಗಿದೆ’, ‘ಕಪ್ಪಗಿವೆ’.

ಪ್ರಶ್ನೆ: ರೈತರಿಗೆ ಹಂಚುವ ತೊಗರಿ ಕೈಪಿಡಿಯಲ್ಲಿ ‘ನೆಟೆ ರೋಗ ಮತ್ತು ಗೊಡ್ಡು ರೋಗಗಳ ಲಕ್ಷಣ ಗಿಡ ಒಣಗುವುದು ಹಾಗೂ ಹೂ ಬಿಡದಿರುವುದು’ ಎಂಬ ಸಾಲಿದೆ. ‘ಲಕ್ಷಣಗಳು’ ಎಂದು ತಿದ್ದಬೇಕೇ?
(ಕೈಪಿಡಿ ಸಿದ್ಧಪಡಿಸುವವರು, ಚಿಂಚೋಳಿ)

ಉತ್ತರ: ತಿದ್ದಬೇಕು, ಆದರೆ ಅಷ್ಟಕ್ಕೇ ನಿಲ್ಲಬಾರದು. ಈ ಸಾಲು ಓದಿದ ರೈತ ಎರಡು ಲಕ್ಷಣವೂ ಎರಡು ರೋಗಕ್ಕೂ ಇವೆ ಎಂದು ತಿಳಿಯುತ್ತಾನೆ. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದ್ದು. ಗಿಡ ಬಾಡಿ ಒಣಗುತ್ತದೆ. ಗೊಡ್ಡು ರೋಗ ನುಸಿ ಹರಡುವ ನಂಜಾಣುವಿನದು (ವೈರಸ್). ಗಿಡ ಹಸಿರಾಗಿಯೇ ಇದ್ದು ಹೂ, ಕಾಯಿ ಬಿಡುವುದಿಲ್ಲ. ಒಂದಕ್ಕೆ ಬೀಜೋಪಚಾರ, ಇನ್ನೊಂದಕ್ಕೆ ನುಸಿಯ ಹತೋಟಿ ಬೇಕು. ಗುರುತು ತಪ್ಪಿದರೆ ಮದ್ದಿನ ಖರ್ಚು ನೀರಲ್ಲಿ ಹೋಮ.

‘ಕ್ರಮವಾಗಿ’ ಎಂಬ ಪದ ಸೇರಿಸಿ ಪಾರಾಗುವುದು ರೂಢಿ. ಎರಡೇ ಇದ್ದಾಗ ಅದು ನಡೆದೀತು. ಮೂರು, ನಾಲ್ಕಾದಾಗ ಓದುಗ ಬೆರಳಿಟ್ಟು ಹಿಂದೆ ಮುಂದೆ ಎಣಿಸಬೇಕಾಗುತ್ತದೆ. ಹೊಲದ ಬದುವಿನಲ್ಲಿ ನಿಂತು ಕೈಪಿಡಿ ಓದುವವನಿಗೆ ಅದು ಸಾಧ್ಯವಿಲ್ಲ. ವಾಕ್ಯವನ್ನೇ ಒಡೆಯಿರಿ: ‘ನೆಟೆ ರೋಗ ಬಂದ ಗಿಡ ಬಾಡಿ ಒಣಗುತ್ತದೆ. ಗೊಡ್ಡು ರೋಗ ಬಂದ ಗಿಡ ಹಸಿರಾಗಿದ್ದರೂ ಹೂ ಬಿಡುವುದಿಲ್ಲ.’ ಇಲ್ಲಿ ಗಿಡ, ರೋಗ ಎಲ್ಲವೂ ಏಕವಚನದಲ್ಲಿವೆ, ಆದರೂ ಮಾತು ಎಲ್ಲ ಗಿಡಗಳಿಗೂ ಸಲ್ಲುತ್ತದೆ. ಸಾಮಾನ್ಯ ನಿಯಮ ಹೇಳುವಾಗ ಕನ್ನಡಕ್ಕೆ ಏಕವಚನವೇ ಸಲೀಸು.

ಲಕ್ಷಣ, ಗುಣ, ದೋಷ, ಹಕ್ಕು, ಅಭ್ಯಾಸ, ಈ ಜಾತಿಯ ಪದಗಳಲ್ಲಿ ಏಕವಚನ-ಬಹುವಚನ ಅರ್ಥವನ್ನೇ ಬದಲಿಸುತ್ತವೆ ಎಂಬುದೂ ನೆನಪಿರಲಿ, ಏಕೆಂದರೆ ಒಂದೇ ವಸ್ತುವಿಗೆ ಅವು ಹಲವಿರಬಹುದು. ‘ಈ ತಳಿಗಳ ದೋಷ’ ಎಂದರೆ ಎಲ್ಲಕ್ಕೂ ಸಮಾನವಾದ ಒಂದು ಕೊರತೆ. ‘ಈ ತಳಿಗಳ ದೋಷಗಳು’ ಎಂದರೆ ಪಟ್ಟಿಯೇ ಇದೆ ಎಂದಾಯಿತು. ತೊಗರಿಗೆ ಮಾತ್ರ ‘ತೊಗರಿಗಳು’ ಬೇಡ. ಜೋಳ, ಎಣ್ಣೆ, ಹಾಲಿನ ಹಾಗೆ ಅದು ರಾಶಿಯ ಪದ. ಬಗೆಗಳನ್ನು ಹೇಳಬೇಕಾದರೆ ‘ತಳಿಗಳು’ ಎಂಬ ಪದಕ್ಕೆ ಬಹುವಚನ ಹೊರಿಸಿ: ‘ಟಿಎಸ್-3ಆರ್, ಜಿಆರ್‌ಜಿ-811 ತೊಗರಿ ತಳಿಗಳು’.

ಪ್ರಶ್ನೆ: ನಮ್ಮೂರಿನ ಮಕ್ಕಳು ‘ನಳದಲ್ಲಿ ನೀರು ಬಂದವು’, ‘ಹಾಲು ಉಕ್ಕಿದವು’ ಎಂದು ಬರೆಯುತ್ತಾರೆ. ಎಷ್ಟು ತಿದ್ದಿದರೂ ಮತ್ತೆ ಅದೇ.
(ಪ್ರಾಥಮಿಕ ಶಾಲಾ ಶಿಕ್ಷಕ, ಗುರುಮಠಕಲ್)

ಉತ್ತರ: ನಿಮ್ಮದು ಗಡಿಯ ಊರು, ಮನೆಮಾತು ತೆಲುಗಾಗಿರುವ ಮಕ್ಕಳು ಹೆಚ್ಚು. ತೆಲುಗಿನಲ್ಲಿ ನೀಳ್ಳು, ಪಾಲು ಎಂಬ ಪದಗಳು ಬಹುವಚನದವೇ. ಕ್ರಿಯಾಪದವೂ ಬಹುವಚನದಲ್ಲೇ ಬರುತ್ತದೆ. ಮಗು ಅದನ್ನೇ ಕನ್ನಡಕ್ಕೆ ತರುತ್ತದೆ. ಬರೀ ಕೆಂಪು ಮಸಿಯಲ್ಲಿ ತಿದ್ದಿದರೆ ಹೋಗುವುದಿಲ್ಲ. ಎರಡು ವಾಕ್ಯ ಅಕ್ಕಪಕ್ಕ ಬರೆಸಿ: ‘ಕೊಡ ತುಂಬಿದವು, ನೀರು ತುಂಬಿತು’; ‘ಲೋಟ ಉರುಳಿದವು, ಹಾಲು ಚೆಲ್ಲಿತು’. ಕೊಡ, ಲೋಟ ಎಣಿಸಬಹುದು. ನೀರು, ಹಾಲು ಎಣಿಸಲಾಗದು ಎಂಬುದು ಮಗುವಿಗೆ ಅಲ್ಲೇ ಹೊಳೆಯುತ್ತದೆ. ಕನ್ನಡ ಮನೆಮಾತಿನ ಮಕ್ಕಳೂ ಆಡುಮಾತಿನಲ್ಲಿ ಹೀಗೆ ಅಂದರೆ ಅಂದುಕೊಳ್ಳಲಿ. ಬರವಣಿಗೆಯಲ್ಲಿ ‘ನೀರು ಬಂತು’ ಇರಲಿ.

ಪ್ರಶ್ನೆ: ಶಾಲೆಯಿಂದ ಬಂದ ಚೀಟಿಯಲ್ಲಿ ‘ವಿದ್ಯಾರ್ಥಿಗಳ ತಂದೆ ಸಭೆಗೆ ಬರಬೇಕು’ ಎಂದಿತ್ತು. ಎಲ್ಲ ಮಕ್ಕಳಿಗೂ ಒಬ್ಬರೇ ತಂದೆಯೇ ಎಂದು ಮನೆಯಲ್ಲಿ ನಗೆಯೋ ನಗೆ.
(ತಾಯಿ, ಆಳಂದ)

ಉತ್ತರ: ನಗುವುದಕ್ಕೆ ಕಾರಣವಿದೆ ಅಕ್ಕಾವ್ರೆ. ಎತ್ತರ, ವಯಸ್ಸಿಗೆ ಹೇಳಿದ ನಿಯಮ ಸಂಬಂಧಿಕರಿಗೆ ಸಲ್ಲುವುದಿಲ್ಲ. ‘ವಿದ್ಯಾರ್ಥಿಗಳ ತಂದೆ’ ಎಂದರೆ ಅವರೆಲ್ಲ ಒಡಹುಟ್ಟಿದವರು ಎಂದೇ ಮೊದಲ ಅರ್ಥ. ಕ್ರಿಯಾಪದವೂ ಇಲ್ಲಿ ನೆರವಿಗೆ ಬರದು. ‘ತಂದೆ ಬಂದರು’ ಎಂಬಲ್ಲಿನ ಬಹುವಚನ ಗೌರವದ್ದು, ಎಣಿಕೆಯದಲ್ಲ. ‘ವಿದ್ಯಾರ್ಥಿಗಳ ತಂದೆಯರು’ ಎನ್ನಬೇಕು, ಇಲ್ಲವೇ ‘ಪ್ರತಿ ವಿದ್ಯಾರ್ಥಿಯ ತಂದೆ ಅಥವಾ ತಾಯಿ’. ಸಂಬಂಧದ ಪದಗಳಲ್ಲಿ ಹೆಚ್ಚಿನವು ‘-ಂದಿರು’ ಪಡೆಯುತ್ತವೆ: ತಾಯಂದಿರು, ಅಣ್ಣಂದಿರು, ಅಕ್ಕಂದಿರು, ಗಂಡಂದಿರು, ಸೊಸೆಯಂದಿರು. ಶಾಲೆಯವರು ‘ಪಾಲಕರು’ ಎಂದಿದ್ದರೆ ಎಲ್ಲವೂ ಸಲೀಸು. ಅಜ್ಜಿಯ ಮನೆಯಲ್ಲಿ ಬೆಳೆಯುವ ಮಗುವಿಗೂ ಹೊಂದುತ್ತಿತ್ತು.

ಪ್ರಶ್ನೆ: ಪಂಚಾಯಿತಿ ಸುತ್ತೋಲೆಗಳಲ್ಲಿ ‘ಪ್ರತಿ ಗ್ರಾಮಗಳಲ್ಲಿ’, ‘ಅಧ್ಯಕ್ಷರುಗಳು’ ಎಂದು ಬರುತ್ತದೆ. ಸರಿಯೇ?
(ಪಂಚಾಯಿತಿ ಸಿಬ್ಬಂದಿ, ಹುಮನಾಬಾದ್)

ಉತ್ತರ: ಮೊದಲನೆಯದು ಖಂಡಿತ ತಪ್ಪು. ‘ಪ್ರತಿ’, ‘ಪ್ರತಿಯೊಂದು’, ‘ಪ್ರತಿಯೊಬ್ಬ’ ಒಂದೊಂದನ್ನೇ ಎತ್ತಿ ತೋರಿಸುವ ಪದಗಳು: ‘ಪ್ರತಿ ಗ್ರಾಮದಲ್ಲಿ’ ಅಥವಾ ‘ಎಲ್ಲ ಗ್ರಾಮಗಳಲ್ಲಿ’. ಅದೇ ರೀತಿ ‘ಪ್ರತಿಯೊಬ್ಬರೂ ತಮ್ಮ ಆಧಾರ್ ಕಾರ್ಡ್ ತರಬೇಕು’ ಎನ್ನಿ. ‘ಕಾರ್ಡ್‌ಗಳನ್ನು’ ಎಂದರೆ ಒಬ್ಬರ ಬಳಿ ನಾಲ್ಕಾರು ಇದ್ದ ಹಾಗೆ ಕೇಳುತ್ತದೆ.

‘ಅಧ್ಯಕ್ಷರುಗಳು’ ಹುಟ್ಟಿದ್ದಕ್ಕೆ ಕಾರಣವಿದೆ. ‘ಅಧ್ಯಕ್ಷರು’ ಎಂಬುದು ಗೌರವದಿಂದ ಒಬ್ಬರಿಗೂ ಸಲ್ಲುವುದರಿಂದ, ಹಲವರು ಎಂದು ತೋರಿಸಲು ಬರೆಯುವವರು ಇನ್ನೊಂದು ಪ್ರತ್ಯಯ ಹೇರುತ್ತಾರೆ. ಗೊಂದಲ ನಿಜ, ಮದ್ದು ಸರಿಯಿಲ್ಲ. ‘ಎಲ್ಲ ಪಂಚಾಯಿತಿಗಳ ಅಧ್ಯಕ್ಷರು’, ‘ಮೂವರು ಅಧ್ಯಕ್ಷರು’ ಎಂದರೆ ಸಾಕು. ‘ಕಲಬುರಗಿ, ಬೀದರ್ ಜಿಲ್ಲಾಧಿಕಾರಿಗಳು’ ಎಂಬಲ್ಲಿ ಇಬ್ಬರು ಎಂಬುದು ಮುಖ್ಯವಾದರೆ ‘ಇಬ್ಬರೂ’ ಸೇರಿಸಿ.

ಪ್ರಶ್ನೆ: ಕಲಬುರಗಿ ಕೋಟೆಯ ಜಾಮಿ ಮಸೀದಿಯ ಬಗ್ಗೆ ಪ್ರವಾಸಿಗರ ಫಲಕಕ್ಕೆ ‘ನಾಲ್ಕು ಮೂಲೆಗಳಲ್ಲಿ ನಾಲ್ಕು ಗುಮ್ಮಟಗಳಿವೆ’ ಎಂದು ಬರೆದಿದ್ದೇನೆ. ಹದಿನಾರು ಎಂದು ಯಾರಾದರೂ ತಿಳಿದಾರೆಯೇ?
(ಓದುಗ, ಕಲಬುರಗಿ)

ಉತ್ತರ: ತಿಳಿಯುವವರು ಕಡಿಮೆ, ಆದರೂ ಫಲಕಕ್ಕೆ ಅನುಮಾನ ಇರಬಾರದು. ‘1367ರ ಈ ಮಸೀದಿಗೆ ಬಯಲು ಅಂಗಳವಿಲ್ಲ, ಪೂರ್ತಿ ಚಾವಣಿಯಿದೆ. ಒಂದು ದೊಡ್ಡ ಗುಮ್ಮಟ, ಮೂಲೆಗೊಂದು ಗುಮ್ಮಟ, ನಡುವೆ ಸಾಲು ಸಾಲು ಚಿಕ್ಕ ಗುಮ್ಮಟಗಳಿವೆ.’ ‘ಮೂಲೆಗೊಂದು’ ಎಂದಾಗ ನಾಲ್ಕು ಎಂಬ ಲೆಕ್ಕವನ್ನು ಓದುಗನೇ ಮಾಡಿಕೊಳ್ಳುತ್ತಾನೆ, ಫಲಕದಲ್ಲಿ ಜಾಗವೂ ಉಳಿಯುತ್ತದೆ.

ಪ್ರಶ್ನೆ: ಕತೆಯಲ್ಲಿ ‘ಎಲ್ಲರೂ ತಮ್ಮ ತಲೆಗಳನ್ನು ಅಲ್ಲಾಡಿಸಿದರು, ಕೈಗಳನ್ನು ಎತ್ತಿದರು’ ಎಂದು ಬರೆದೆ. ಗೆಳೆಯರು ಹಾಸ್ಯ ಮಾಡಿದರು.
(ಹೊಸ ಬರಹಗಾರ್ತಿ, ಬಸವಕಲ್ಯಾಣ)

ಉತ್ತರ: ‘ಎಲ್ಲರೂ ತಲೆ ಅಲ್ಲಾಡಿಸಿದರು, ಕೈ ಎತ್ತಿದರು’ ಎಂದು ಬಿಡಿ. ಮೈಗೆ ಅಂಟಿಕೊಂಡ ಅಂಗ ಏಕವಚನದಲ್ಲೇ ಚೆಂದ. ‘ತಲೆಗಳು’ ಎಂದರೆ ರಣರಂಗದಲ್ಲಿ ಉರುಳಿದ ತಲೆಗಳು ಕಣ್ಣ ಮುಂದೆ ಬರುತ್ತವೆ. ‘ಕೈಗಳನ್ನು ಎತ್ತಿದರು’ ಎಂದರೆ ಒಬ್ಬೊಬ್ಬರೂ ಎರಡೂ ಕೈ ಎತ್ತಿದಂತೆ. ನಿಜವಾಗಿ ಎರಡೂ ಕೈ ಎತ್ತಿದ್ದರೆ ‘ಎರಡೂ ಕೈ ಎತ್ತಿದರು’ ಎನ್ನಿ. ಕಣ್ಣಿಗೆ ಮಾತ್ರ ಎರಡು ದಾರಿಯೂ ತೆರೆದಿವೆ: ‘ಎಲ್ಲರ ಕಣ್ಣು ಒದ್ದೆಯಾಯಿತು’, ‘ಎಲ್ಲರ ಕಣ್ಣುಗಳು ಒದ್ದೆಯಾದವು’.